ಊಟದ ಲೆಕ್ಕ, ಕಾಯಕದ ಲೆಕ್ಕ: ಡೌನ್ ಸಿಂಡ್ರೋಮ್ ಇರುವ ವಯಸ್ಕರ ದೇಹಕ್ಕೆ ಬೇಕಾದ ಶಕ್ತಿ



ಈ ಉಪನ್ಯಾಸದ ದತ್ತಿ ಇಟ್ಟವರು ತಮ್ಮ ಹೆಸರು ಎಲ್ಲಿಯೂ ಬರಬಾರದು ಎಂದು ಕೇಳಿಕೊಂಡಿದ್ದಾರೆ. ಆದರೆ ವಿಷಯವನ್ನು ಅವರೇ ಕೊಟ್ಟರು. ಡೌನ್ ಸಿಂಡ್ರೋಮ್ ಇರುವವರು ದೊಡ್ಡವರಾದ ಮೇಲೆ ಅವರಿಗೆ ದಿನಕ್ಕೆ ಎಷ್ಟು ಊಟ ಬೇಕು, ಉಂಡದ್ದನ್ನು ಅವರ ಮೈ ಹೇಗೆ ಸುಡುತ್ತದೆ, ತೂಕ ಯಾಕೆ ಏರುತ್ತದೆ, ಇದನ್ನು ಹೇಳಿ ಎಂದರು. ಮಕ್ಕಳ ಬಗ್ಗೆ ಕೇಳಿದ್ದರೆ ನನ್ನ ಕೆಲಸ ಹಗುರ ಇರುತ್ತಿತ್ತು. ದೊಡ್ಡವರ ಬಗ್ಗೆ ಕೇಳುವವರೇ ಕಡಿಮೆ, ಆದ್ದರಿಂದ ಈ ವಿಷಯ ನನಗೆ ಬಹಳ ಮುಖ್ಯವೆನಿಸಿತು.

ನಮ್ಮ ವ್ಯವಸ್ಥೆಯೂ ಹಾಗೇ ಇದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗೆ ತಪಾಸಣೆ ಉಂಟು. ಅದು ಗುರುತಿಸುವ ಜನ್ಮದೋಷಗಳ ಪಟ್ಟಿಯಲ್ಲಿ ಡೌನ್ ಸಿಂಡ್ರೋಮ್ ಕೂಡ ಸೇರಿದೆ. ಅಂಗನವಾಡಿಗೆ ಬಂದ ವೈದ್ಯರ ತಂಡ ಮಗುವನ್ನು ನೋಡುತ್ತದೆ, ಹೃದಯದಲ್ಲಿ ರಂಧ್ರವಿದ್ದರೆ ಶಸ್ತ್ರಚಿಕಿತ್ಸೆಗೆ ದಾರಿ ಮಾಡುತ್ತದೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಹುಟ್ಟಿನಿಂದಲೇ ಹೃದಯದ ತೊಂದರೆ ಇರುತ್ತದೆ, ಹಾಗಾಗಿ ಈ ಕೆಲಸ ಸಣ್ಣದಲ್ಲ. ಆದರೆ 18 ತುಂಬಿದ ಮೇಲೆ ಕರೆದು ನೋಡುವವರು ಯಾರೂ ಇಲ್ಲ. ಶಾಲೆ ಮುಗಿಯಿತು, ತಪಾಸಣೆ ಮುಗಿಯಿತು, ಹುಡುಗ ಮನೆಗೆ ಬಂದು ಕೂತ. ಅಮೆರಿಕದಲ್ಲಿ 1983ರ ಸುಮಾರಿಗೆ ಡೌನ್ ಸಿಂಡ್ರೋಮ್ ಇದ್ದವರ ಆಯುಷ್ಯ 25 ವರ್ಷದ ಆಸುಪಾಸು ಇತ್ತು. ಒಳ್ಳೆಯ ಆರೈಕೆ ಸಿಗುವ ಕಡೆ ಇವತ್ತು 60ರ ಹತ್ತಿರ ಬಂದಿದೆ. ಹಾಗಾದರೆ 18ರಿಂದ 60ರವರೆಗಿನ ನಾಲ್ಕು ದಶಕ ಆ ಮನುಷ್ಯ ಏನು ಉಣ್ಣಬೇಕು, ಏನು ಮಾಡಬೇಕು ಎಂಬುದನ್ನು ಯಾರು ಯೋಚಿಸಬೇಕು? ಈಗ ಅದು ಪೂರ್ತಿ ತಾಯಂದಿರ ಪಾಲಿಗೆ ಬಿದ್ದಿದೆ.

ಮೊದಲು ಒಂದು ಮಾತನ್ನು ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಅದನ್ನು ಹೇಳದೆ ಮುಂದೆ ಹೋದರೆ ಯಾವ ತಾಯಿಯೂ ನಿಶ್ಚಿಂತೆಯಿಂದ ಕೇಳುವುದಿಲ್ಲ. ಇದು ಯಾರ ತಪ್ಪೂ ಅಲ್ಲ. 1866ರಲ್ಲಿ ಜಾನ್ ಲ್ಯಾಂಗ್ಡನ್ ಡೌನ್ ಎಂಬ ಇಂಗ್ಲಿಷ್ ವೈದ್ಯರು ಇದರ ಲಕ್ಷಣಗಳನ್ನು ಬರೆದಿಟ್ಟರು. 1959ರಲ್ಲಿ ಫ್ರಾನ್ಸಿನ ಜೆರೋಮ್ ಲೆಜೂನ್, ಮಾರ್ಥ್ ಗೋತಿಯೆ, ರೇಮೋಂ ತುರ್ಪಾಂ ಸೇರಿ ಕಾರಣವನ್ನು ತೋರಿಸಿಕೊಟ್ಟರು. ನಮ್ಮ ಪ್ರತಿ ಜೀವಕೋಶದಲ್ಲಿ 21ನೆಯ ವರ್ಣತಂತು ಎರಡಿರಬೇಕಾದ ಕಡೆ ಇವರಲ್ಲಿ ಮೂರು ಇರುತ್ತವೆ. ನೂರಕ್ಕೆ 95ರಷ್ಟು ಜನರಲ್ಲಿ ಇದು ಅಂಡಾಣು ಅಥವಾ ವೀರ್ಯಾಣು ಆಗುವಾಗ ವರ್ಣತಂತುಗಳು ಸರಿಯಾಗಿ ಬೇರ್ಪಡದೆ ಆಗುವ ಆಕಸ್ಮಿಕ. ತಾಯಿಯ ವಯಸ್ಸು ಹೆಚ್ಚಿದಂತೆ ಸಂಭವ ಹೆಚ್ಚುತ್ತದೆ, ಆದರೆ ಚಿಕ್ಕ ವಯಸ್ಸಿನ ತಾಯಂದಿರೇ ಹೆಚ್ಚು ಹೆರುವುದರಿಂದ ಇಂಥ ಮಕ್ಕಳ ತಾಯಂದಿರಲ್ಲಿ ಬಹಳ ಮಂದಿ ಚಿಕ್ಕವರೇ. ಸೋದರಮಾವನನ್ನು ಮದುವೆಯಾದದ್ದಕ್ಕೆ ಹೀಗಾಯಿತು ಎಂದು ನಮ್ಮ ಕಡೆ ಹೇಳುತ್ತಾರೆ. ರಕ್ತಸಂಬಂಧದ ಮದುವೆಯಿಂದ ಬೇರೆ ಕೆಲವು ಕಾಯಿಲೆಗಳು ಹೆಚ್ಚುತ್ತವೆ, ನಿಜ. ವರ್ಣತಂತು ಬೇರ್ಪಡದಿರುವುದಕ್ಕೂ ಅದಕ್ಕೂ ಸಂಬಂಧ ಕಲ್ಪಿಸಬೇಡಿ. ಗ್ರಹಣದಿಂದ ಇದು ಬರುವುದೂ ಇಲ್ಲ, ವಾಸಿಯಾಗುವುದೂ ಇಲ್ಲ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ನಮ್ಮ ಕಲಬುರಗಿ ಪಕ್ಕದ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ವಾಸಿಯಾಗಲೆಂದು ಕುತ್ತಿಗೆಮಟ ಮಣ್ಣಿನಲ್ಲಿ ಹೂತದ್ದು ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಆ ಚಿತ್ರ ನೋಡಿದಾಗ ಆ ತಂದೆತಾಯಿಗಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಮಗುವಿಗಾಗಿ ಏನನ್ನಾದರೂ ಮಾಡಲು ತಯಾರಿದ್ದ ಅವರಿಗೆ ಮಾಡಬೇಕಾದದ್ದು ಏನೆಂದು ಯಾರೂ ಹೇಳಿರಲಿಲ್ಲವಲ್ಲ ಎಂದು ಸಂಕಟವಾಯಿತು.

ಈಗ ಮೂಲ ವಿಷಯಕ್ಕೆ ಬರೋಣ. ಡೌನ್ ಸಿಂಡ್ರೋಮ್ ಇರುವ ವಯಸ್ಕರಲ್ಲಿ ಬಹಳ ಜನರಿಗೆ ಬೊಜ್ಜು ಇರುತ್ತದೆ. ಅದಕ್ಕೆ ಊರಲ್ಲಿ ಎರಡು ವಿವರಣೆ ಕೇಳಿಬರುತ್ತವೆ. ಒಬ್ಬರು, ಅವನು ಸೋಮಾರಿ, ಕೂತಲ್ಲೇ ಕೂತು ತಿನ್ನುತ್ತಾನೆ ಎನ್ನುತ್ತಾರೆ. ಇನ್ನೊಬ್ಬರು, ಅವನ ಮೈ ಇರುವುದೇ ಹಾಗೆ, ಗಾಳಿ ಕುಡಿದರೂ ದಪ್ಪ ಆಗುತ್ತಾನೆ ಎನ್ನುತ್ತಾರೆ. ದವಾಖಾನೆಯಲ್ಲಿ ಕೂಡ ಈ ಎರಡನೆಯ ಮಾತನ್ನು ಚಯಾಪಚಯ ನಿಧಾನ ಎಂಬ ವೈದ್ಯಕೀಯ ಪದದಲ್ಲಿ ಹೇಳಿ ಕಳಿಸುವುದುಂಟು. ನಾನು ಈ ಎರಡನ್ನೂ ಒಪ್ಪುವುದಿಲ್ಲ. ಯಾಕೆ ಎಂದು ಸ್ವಲ್ಪ ವಿವರವಾಗಿ ಹೇಳಬೇಕು.

ನಾವು ಏನೂ ಮಾಡದೆ ಮಲಗಿದ್ದರೂ ಮೈ ಶಕ್ತಿ ಖರ್ಚು ಮಾಡುತ್ತಲೇ ಇರುತ್ತದೆ. ಗಾಡಿ ಸ್ಟಾರ್ಟ್ ಮಾಡಿ ನಿಲ್ಲಿಸಿಟ್ಟರೂ ಪೆಟ್ರೋಲ್ ಸುಡುತ್ತದಲ್ಲ, ಹಾಗೆ. ಇದನ್ನು ವಿಶ್ರಾಂತ ಚಯಾಪಚಯ ದರ ಎನ್ನುತ್ತೇವೆ. ಕೂತು ಕೆಲಸ ಮಾಡುವವರಲ್ಲಿ ದಿನದ ಒಟ್ಟು ಖರ್ಚಿನ ಮೂರರಲ್ಲಿ ಎರಡು ಭಾಗ ಇದೇ. ಉಂಡದ್ದನ್ನು ಅರಗಿಸಲು ಹತ್ತರಲ್ಲಿ ಒಂದು ಭಾಗ ಹೋಗುತ್ತದೆ, ಉಳಿದದ್ದು ಓಡಾಟ ಮತ್ತು ಕೆಲಸಕ್ಕೆ. ಅಳೆಯುವ ಕ್ರಮ ಹೀಗಿದೆ: ಬೆಳಗಿನ ಜಾವ, ಖಾಲಿ ಹೊಟ್ಟೆಯಲ್ಲಿ, ಮಲಗಿರುವವರ ತಲೆಯ ಮೇಲೆ ಪಾರದರ್ಶಕ ಗುಮ್ಮಟದಂಥ ಮುಚ್ಚಳ ಇಟ್ಟು, ಅವರು ಎಷ್ಟು ಆಮ್ಲಜನಕ ಎಳೆದುಕೊಂಡರು, ಎಷ್ಟು ಇಂಗಾಲದ ಡೈಆಕ್ಸೈಡ್ ಬಿಟ್ಟರು ಎಂದು ಯಂತ್ರ ಲೆಕ್ಕ ಹಾಕುತ್ತದೆ. ಉಸಿರಿನ ಲೆಕ್ಕದಿಂದ ಕ್ಯಾಲೊರಿ ಲೆಕ್ಕ ಬರುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಪ್ರಕಾಶ ಶೆಟ್ಟಿ, ಮಾರಿಯೊ ಸೋರೆಸ್, ಅನುರಾ ಕುರ್ಪಾಡ್ ಮುಂತಾದವರು ದಶಕಗಳ ಕಾಲ ನಮ್ಮ ಜನರ ಮೈಯ ಈ ಖರ್ಚನ್ನು ಅಳೆದಿದ್ದಾರೆ. ಪಾಶ್ಚಾತ್ಯರ ಸೂತ್ರಗಳನ್ನು ನಮ್ಮವರಿಗೆ ಹಾಗೇ ಹಚ್ಚಿದರೆ ಲೆಕ್ಕ ಜಾಸ್ತಿ ಬರುತ್ತದೆ ಎಂಬುದು ಇಂಥ ಕೆಲಸಗಳಿಂದಲೇ ಗಟ್ಟಿಯಾಯಿತು.

ಈ ಶಕ್ತಿಯನ್ನು ಮೈಯಲ್ಲಿ ಸುಡುವವರು ಯಾರು? ಬಹಳ ಜನ ಮಾಂಸಖಂಡ ಎಂದುಕೊಂಡಿರುತ್ತಾರೆ. ಒಂದು ಕಿಲೋ ಮಾಂಸಖಂಡ ವಿಶ್ರಾಂತಿಯಲ್ಲಿ ದಿನಕ್ಕೆ ಸುಡುವುದು 13 ಕ್ಯಾಲೊರಿ ಮಾತ್ರ, ಒಂದು ಕಿಲೋ ಕೊಬ್ಬು ನಾಲ್ಕೂವರೆ. ಒಂದು ಕಿಲೋ ಯಕೃತ್ತು 200, ಮೆದುಳು 240, ಹೃದಯ ಮತ್ತು ಮೂತ್ರಪಿಂಡ ತಲಾ 440. ಅಂದರೆ ಒಳಗಿನ ಅಂಗಗಳೇ ದೊಡ್ಡ ಪಾಲು ತಿನ್ನುತ್ತವೆ. ಡೌನ್ ಸಿಂಡ್ರೋಮ್ ಇರುವವರ ಎತ್ತರ ಕಡಿಮೆ, ಹಾಗಾಗಿ ಒಟ್ಟು ಮೈ ಚಿಕ್ಕದು, ಖರ್ಚೂ ಚಿಕ್ಕದು. ಇಲ್ಲಿಯವರೆಗೆ ಯಾವ ಗೂಢವೂ ಇಲ್ಲ. ಅವರ ಗಾತ್ರದ ಬೇರೆಯವರಿಗಿಂತಲೂ ಇವರ ಮೈ ಕಡಿಮೆ ಸುಡುತ್ತದೆಯೇ ಎಂಬುದು ನಿಜವಾದ ಪ್ರಶ್ನೆ. 1994ರಲ್ಲಿ ಅಮೆರಿಕದ ಆಮಿ ಲ್ಯೂಕ್ ಮತ್ತು ಸಂಗಡಿಗರು ಚಿಕ್ಕ ಮಕ್ಕಳಲ್ಲಿ ಅಳೆದು, ಹೌದು, ವಿಶ್ರಾಂತ ದರ ಕಡಿಮೆ ಇದೆ ಎಂದರು. ಮರುವರ್ಷ ಡೇವಿಡ್ ಆಲಿಸನ್ ತಂಡವೂ ಅದೇ ದಿಕ್ಕಿನಲ್ಲಿ ಹೇಳಿತು. ಚಯಾಪಚಯ ನಿಧಾನ ಎಂಬ ಮಾತಿಗೆ ಇವು ಇಂಬು ಕೊಡುವಂತೆ ಕಾಣುತ್ತವೆ. ಆದರೆ 2005ರಲ್ಲಿ ಬೋ ಫರ್ನ್‌ಹಾಲ್ ಮತ್ತು ಸಂಗಡಿಗರು ಬೊಜ್ಜು ಇರುವ ವಯಸ್ಕರನ್ನೇ ತೆಗೆದುಕೊಂಡು, ಡೌನ್ ಸಿಂಡ್ರೋಮ್ ಇದ್ದವರನ್ನೂ ಇಲ್ಲದವರನ್ನೂ ಹೋಲಿಸಿದರು. ದರ ಕಡಿಮೆ ಇರಲಿಲ್ಲ. ಈ ಅಧ್ಯಯನಗಳನ್ನು ಎದುರಿಗಿಟ್ಟುಕೊಂಡು ನನಗೆ ಕಾಣುವುದು ಇಷ್ಟು: ವಯಸ್ಕರ ತೂಕದ ಹೊಣೆಯನ್ನೆಲ್ಲ ವಿಶ್ರಾಂತ ದರದ ಮೇಲೆ ಹಾಕಲು ಆಧಾರ ಸಾಲದು. ಕಾರಣ ಎದ್ದು ಓಡಾಡುವ ಹೊತ್ತಿನಲ್ಲಿದೆ, ಎರಡು ಮೂರು ಕಾಯಿಲೆಗಳಲ್ಲಿದೆ, ಮತ್ತು ನಾವು ಅವರಿಗೆ ಕಟ್ಟಿಕೊಟ್ಟ ದಿನಚರಿಯಲ್ಲಿದೆ.

ಓಡಾಟದ ಮಾತಿಗೆ ಬಂದರೆ ಸೋಮಾರಿ ಎಂಬ ಶಬ್ದ ಎಷ್ಟು ಅನ್ಯಾಯದ್ದು ಎಂದು ಗೊತ್ತಾಗುತ್ತದೆ. ಡೌನ್ ಸಿಂಡ್ರೋಮ್ ಇರುವವರ ಸ್ನಾಯುಗಳು ಹುಟ್ಟಿನಿಂದ ಸಡಿಲ, ಕೀಲುಗಳು ಸಡಿಲ, ಕಾಲಿನ ಬಲ ಕಡಿಮೆ. ನಡೆಯುವಾಗ ಮೈಯನ್ನು ಹಿಡಿತದಲ್ಲಿಟ್ಟುಕೊಳ್ಳಲು ಅವರು ಹೆಚ್ಚು ಶ್ರಮಪಡಬೇಕು. ಆದ್ದರಿಂದ ಅದೇ ವೇಗದಲ್ಲಿ ಅಷ್ಟೇ ದೂರ ನಡೆದರೂ ಅವರಿಗೆ ನಮಗಿಂತ ಹೆಚ್ಚು ಶಕ್ತಿ ಖರ್ಚಾಗುತ್ತದೆ. ಇದರ ಜೊತೆಗೆ ಹೃದಯದ ವಿಷಯ. ನಾವು ಓಡಿದರೆ ಎದೆ ಬಡಿತ ಏರಿ ಸ್ನಾಯುಗಳಿಗೆ ರಕ್ತ ಒದಗಿಸುತ್ತದೆ. ಅವರಲ್ಲಿ ಶ್ರಮದ ಹೊತ್ತಿಗೆ ಏರಬೇಕಾದ ಅಡ್ರಿನಾಲಿನ್ ಬಳಗದ ಸ್ರಾವ ಅಷ್ಟು ಏರುವುದಿಲ್ಲ, ಬಡಿತವೂ ಅಷ್ಟು ಏರುವುದಿಲ್ಲ. 30 ವರ್ಷದ ಸಾಮಾನ್ಯ ಮನುಷ್ಯನಿಗೆ ಗರಿಷ್ಠ ಬಡಿತ ನಿಮಿಷಕ್ಕೆ 190ರ ಸುತ್ತ ಎಂದು ಲೆಕ್ಕ ಹಾಕಿದರೆ, ಅದೇ ವಯಸ್ಸಿನ ಡೌನ್ ಸಿಂಡ್ರೋಮ್ ಇರುವವರಿಗೆ 160ರ ಆಸುಪಾಸು. ಹೃದಯದಲ್ಲಿ ಹುಟ್ಟುದೋಷ ಇಲ್ಲದವರಲ್ಲೂ ಹೀಗೇ. ನಡಿಗೆಗೆ ಖರ್ಚು ಹೆಚ್ಚು, ಒದಗಿಸುವ ಸಾಮರ್ಥ್ಯ ಕಡಿಮೆ. ಕಲಬುರಗಿಯ ಅಪ್ಪನ ಕೆರೆ ಸುತ್ತ ಒಂದು ಸುತ್ತು ಹಾಕುವಾಗ ಅಣ್ಣ ಮಾತಾಡುತ್ತ ಹೋಗುತ್ತಾನೆ, ಡೌನ್ ಸಿಂಡ್ರೋಮ್ ಇರುವ ತಮ್ಮ ಅರ್ಧ ದಾರಿಯಲ್ಲಿ ಕಟ್ಟೆ ನೋಡಿ ಕೂತುಬಿಡುತ್ತಾನೆ. ಅಲ್ಲಿ ಕೂತವನನ್ನು ಬೈಯುವ ಮೊದಲು ಈ ಲೆಕ್ಕ ನೆನಪಿರಬೇಕು. ಜಿಮ್‌ಗೆ ಕಳಿಸುವ ಮನೆಯವರು ತರಬೇತುದಾರರಿಗೂ ಇದನ್ನು ಹೇಳಬೇಕು, ಯಾಕೆಂದರೆ ಗೋಡೆಗೆ ಅಂಟಿಸಿದ ಬಡಿತದ ಪಟ್ಟಿ ಇವರಿಗೆ ಅನ್ವಯಿಸುವುದಿಲ್ಲ.

ಇನ್ನು ಕಾಯಿಲೆಗಳು. ಎಲ್ಲಕ್ಕಿಂತ ಮುಂದೆ ಥೈರಾಯ್ಡ್. ಡೌನ್ ಸಿಂಡ್ರೋಮ್ ಇರುವವರಲ್ಲಿ ಥೈರಾಯ್ಡ್ ಗ್ರಂಥಿ ಮಂದವಾಗುವುದು ಬಹಳ ಸಾಮಾನ್ಯ, ವಯಸ್ಸಾದಂತೆ ಇನ್ನೂ ಸಾಮಾನ್ಯ. ಇಲ್ಲಿ ನಿಜವಾಗಿಯೇ ವಿಶ್ರಾಂತ ದರ ಇಳಿಯುತ್ತದೆ. ತೊಂದರೆ ಏನೆಂದರೆ, ಥೈರಾಯ್ಡ್ ಮಂದವಾದ ಲಕ್ಷಣಗಳೆಲ್ಲ ಮನೆಯವರಿಗೆ ಹಳೆಯ ಸಂಗತಿಯಂತೆ ಕಾಣುತ್ತವೆ. ನಿಧಾನ ಆದ, ಮಲಬದ್ಧತೆ, ಚರ್ಮ ಒಣಗಿದೆ, ಮಾತು ಕಡಿಮೆ, ತೂಕ ಏರಿತು. ಅವನು ಮೊದಲಿಂದ ಹಾಗೇ ಅಲ್ಲವೇ ಎಂದು ಎಲ್ಲರೂ ಸುಮ್ಮನಾಗುತ್ತಾರೆ. 2020ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಡೌನ್ ಸಿಂಡ್ರೋಮ್ ಇರುವ ವಯಸ್ಕರ ಆರೈಕೆಗೆ ಮಾರ್ಗಸೂಚಿ ಪ್ರಕಟವಾಯಿತು. 21 ವರ್ಷದಿಂದ ಮುಂದೆ ಪ್ರತಿ ಒಂದು ಅಥವಾ ಎರಡು ವರ್ಷಕ್ಕೆ ಥೈರಾಯ್ಡ್ ನೋಡುವ ಟಿಎಸ್‌ಎಚ್ ರಕ್ತಪರೀಕ್ಷೆ ಮಾಡಿಸಬೇಕು ಎಂದು ಅದು ಹೇಳುತ್ತದೆ. ಯಾವ ದೊಡ್ಡ ಆಸ್ಪತ್ರೆಯೂ ಬೇಡ, ಕಲಬುರಗಿಯ ಯಾವ ಲ್ಯಾಬಿನಲ್ಲೂ ಆಗುವ ಪರೀಕ್ಷೆ ಇದು. ಥೈರಾಯ್ಡ್ ಮಂದವಾಗಿದ್ದರೆ ದಿನಕ್ಕೊಂದು ಗುಳಿಗೆ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಚಾ ಕುಡಿಯುವ ಮೊದಲು.

ಎರಡನೆಯದು ನಿದ್ದೆ. ಇವರ ಗಂಟಲಿನ ದಾರಿ ಇಕ್ಕಟ್ಟು, ನಾಲಿಗೆಗೆ ಜಾಗ ಸಾಲದು, ಸ್ನಾಯು ಸಡಿಲ. ಮಲಗಿದಾಗ ಉಸಿರು ಕಟ್ಟಿ ಕಟ್ಟಿ ಬಿಡುತ್ತದೆ. ವಯಸ್ಕರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಈ ತೊಂದರೆ ಇದೆ. ಜೋರಾಗಿ ಗೊರಕೆ, ಕೂತು ಮಲಗುವುದು, ಹಗಲೆಲ್ಲ ತೂಕಡಿಕೆ, ಎದ್ದ ಕೂಡಲೇ ಸಿಡಿಮಿಡಿ. ನಿದ್ದೆಗೆಟ್ಟವರ ಹಸಿವು ಹೆಚ್ಚುತ್ತದೆ, ಮೈ ಅಲುಗಿಸುವ ಮನಸ್ಸು ಇರುವುದಿಲ್ಲ. ಬೊಜ್ಜು ಬೆಳೆದಷ್ಟೂ ಉಸಿರು ಇನ್ನಷ್ಟು ಕಟ್ಟುತ್ತದೆ. ಮಗ ಹಗಲು ಮಲಗುತ್ತಾನೆ ಎಂದು ದೂರು ಹೇಳುವ ತಾಯಿಗೆ, ರಾತ್ರಿ ಹೇಗೆ ಮಲಗುತ್ತಾನೆ ಎಂದು ಕೇಳದೆ ಯಾವ ವೈದ್ಯರೂ ಕಳಿಸಬಾರದು. ಇನ್ನು ಸಕ್ಕರೆ ಕಾಯಿಲೆಗೆ 30 ವರ್ಷದಿಂದ ಮೂರು ವರ್ಷಕ್ಕೊಮ್ಮೆ, ಬೊಜ್ಜು ಇದ್ದರೆ 21ರಿಂದಲೇ ಎರಡು ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಬೇಕು ಎಂಬುದೂ ಅದೇ 2020ರ ಮಾರ್ಗಸೂಚಿಯಲ್ಲಿದೆ. ಬಿಪಿ ಮಾತ್ರ ಇವರಲ್ಲಿ ಸಾಮಾನ್ಯವಾಗಿ ಏರುವುದಿಲ್ಲ, ಕಡಿಮೆಯೇ ಇರುತ್ತದೆ. ಬಿಪಿ ಸರಿ ಇದೆ ಎಂದ ಮಾತ್ರಕ್ಕೆ ಎಲ್ಲ ಸರಿ ಇದೆ ಎಂದುಕೊಳ್ಳಬಾರದು.

ಈಗ ತಾಟಿನ ಲೆಕ್ಕಕ್ಕೆ ಬರುತ್ತೇನೆ. ನಿಮ್ಮಲ್ಲಿ ಬಹಳ ಜನ ಇದಕ್ಕಾಗಿಯೇ ಬಂದಿದ್ದೀರಿ.

ಒಂದೇ ಮನೆಯಲ್ಲಿ ಇಬ್ಬರು ಅಣ್ಣತಮ್ಮಂದಿರು ಎಂದುಕೊಳ್ಳಿ. ಅಣ್ಣ 65 ಕಿಲೋ, ದಿನವಿಡೀ ಓಡಾಡಿ ದುಡಿಯುವವನು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಲೆಕ್ಕದಂತೆ ಮಧ್ಯಮ ಶ್ರಮದ ಗಂಡಸಿಗೆ ದಿನಕ್ಕೆ 2710 ಕ್ಯಾಲೊರಿ ಬೇಕು. ಕೂತು ಕೆಲಸ ಮಾಡುವವನಾದರೆ 2110 ಸಾಕು. ತಮ್ಮನಿಗೆ ಡೌನ್ ಸಿಂಡ್ರೋಮ್. ವಯಸ್ಸು 32, ಎತ್ತರ 152 ಸೆಂಟಿಮೀಟರ್, ತೂಕ 52 ಕಿಲೋ. ಪರಿಷತ್ತು 2010ರ ಶಿಫಾರಸುಗಳಲ್ಲಿ ಬಳಸಿದ ಸೂತ್ರದಂತೆ 30 ದಾಟಿದ ಗಂಡಸಿನ ತೂಕವನ್ನು 10.9ರಿಂದ ಗುಣಿಸಿ 833 ಕೂಡಿಸಬೇಕು. ತಮ್ಮನಿಗೆ 1400 ಬಂತು. ಇದು ಮಲಗಿದ್ದಾಗಿನ ಖರ್ಚು. ಹೆಚ್ಚಿನ ಹೊತ್ತು ಮನೆಯಲ್ಲೇ ಇರುವವನಾದ್ದರಿಂದ ಇದನ್ನು 1.3ರಿಂದ ಗುಣಿಸಿದರೆ 1820. ಅವನ ಮೈಯಲ್ಲಿ ಮಾಂಸಖಂಡದ ಪಾಲು ಕಡಿಮೆ, ಆದ್ದರಿಂದ ನಾನು 1750ರ ಆಸುಪಾಸು ಆರಂಭಿಸಿ ಎನ್ನುತ್ತೇನೆ. ಆಮೇಲೆ ತೂಕದ ಕಾಂಟಾ ಹೇಳಿದಂತೆ ಹೆಚ್ಚು ಕಡಿಮೆ ಮಾಡಿಕೊಳ್ಳಬೇಕು. ಸೂತ್ರ ಅಂದಾಜು ಕೊಡುತ್ತದೆ, ತಿಂಗಳ ತೂಕ ಸತ್ಯ ಹೇಳುತ್ತದೆ. ಹೆಣ್ಣುಮಕ್ಕಳಾದರೆ, 145 ಸೆಂಟಿಮೀಟರ್ ಎತ್ತರ, 45 ಕಿಲೋ ತೂಕಕ್ಕೆ 1500 ಹತ್ತಿರ ಬರುತ್ತದೆ.

ಅಂದರೆ ಅಣ್ಣನಿಗೂ ತಮ್ಮನಿಗೂ ದಿನಕ್ಕೆ 900 ಕ್ಯಾಲೊರಿಗಿಂತ ಹೆಚ್ಚು ವ್ಯತ್ಯಾಸ. ಆದರೆ ನಮ್ಮ ಮನೆಗಳಲ್ಲಿ ತಾಟು ಇಬ್ಬರಿಗೂ ಒಂದೇ, ಎಷ್ಟೋ ಕಡೆ ತಮ್ಮನಿಗೆ ಒಂದು ರೊಟ್ಟಿ ಹೆಚ್ಚು. ಒಬ್ಬ ತಾಯಿಗೆ ನಾನು ಇದನ್ನು ಬಿಡಿಸಿ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೀಗೆಂದರು: "ಅಂವ ನಮಗ ಏನೂ ಬೇಡಂಗಿಲ್ರಿ. ಅರಬಿ ಬೇಡಂಗಿಲ್ಲ, ರೊಕ್ಕ ಬೇಡಂಗಿಲ್ಲ. ಉಣ್ಣೂದೊಂದ ಕೇಳ್ತಾನ. ಅದನೂ ಹ್ಯಾಂಗ ಬ್ಯಾಡ ಅನ್ಲಿ?" ಇದಕ್ಕೆ ಕ್ಯಾಲೊರಿ ಪಟ್ಟಿಯಲ್ಲಿ ಉತ್ತರ ಇಲ್ಲ. ಆದರೆ ಆ ತಾಯಿಗೆ ನಾನು ಬ್ಯಾಡ ಅನ್ನಿರಿ ಎಂದು ಹೇಳಲಿಲ್ಲ. ಅವನು ಏನು ಕೇಳುತ್ತಾನೆ, ಯಾವ ಹೊತ್ತಿಗೆ ಕೇಳುತ್ತಾನೆ ಎಂದು ಕೇಳಿದೆ. ಊಟದ ಹೊತ್ತಿನ ಊಟ ಹೆಚ್ಚೇನೂ ಇರಲಿಲ್ಲ. ಮಧ್ಯಾಹ್ನ ಎರಡರಿಂದ ಸಂಜೆ ಏಳರವರೆಗೆ, ಮನೆಯವರೆಲ್ಲ ಅವರವರ ಕೆಲಸದಲ್ಲಿರುವಾಗ, ಅವನಿಗೆ ನಾಲ್ಕು ಸಲ ಚಾ ಆಗುತ್ತಿತ್ತು, ಪ್ರತಿ ಸಲ ಎರಡು ಬಿಸ್ಕತ್ತು. ಸಕ್ಕರೆ ಹಾಲು ಹಾಕಿದ ಒಂದು ಕಪ್ ಚಾ 75 ಕ್ಯಾಲೊರಿ ಹಿಡಿಯಿರಿ, ಒಂದು ಗ್ಲುಕೋಸ್ ಬಿಸ್ಕತ್ತು 25. ಒಟ್ಟು 500 ಆಯಿತು. ಎರಡೂವರೆ ಜೋಳದ ರೊಟ್ಟಿಗೆ ಸಮ. ಆ ಹೊತ್ತಿನಲ್ಲಿ ಅವನಿಗೆ ಮಾಡಲು ಬೇರೆ ಏನೂ ಇರಲಿಲ್ಲ, ಚಾ ಕೇಳುವುದೇ ಅವನ ಕೆಲಸವಾಗಿತ್ತು.

ನಮ್ಮ ಕಡೆಯ ಊಟ ಈ ಲೆಕ್ಕಕ್ಕೆ ಬಹಳ ಚೆನ್ನಾಗಿ ಒಗ್ಗುತ್ತದೆ. 60 ಗ್ರಾಂ ಹಿಟ್ಟಿನ ಒಂದು ಬಿಳಿಜೋಳದ ರೊಟ್ಟಿ 200 ಕ್ಯಾಲೊರಿ. ಗಟ್ಟಿಯಾಗಿ ಅಗಿದು ಉಣ್ಣಬೇಕಾದ್ದರಿಂದ ನಿಧಾನವಾಗಿ ಉಣ್ಣುತ್ತಾರೆ, ಹೊಟ್ಟೆ ತುಂಬಿದ್ದು ಗೊತ್ತಾಗುತ್ತದೆ. ಹಲ್ಲು ಸರಿ ಇಲ್ಲದವರಿಗೆ ಕಟಕ ರೊಟ್ಟಿ ಬೇಡ, ಮೆತ್ತನ್ನ ಬಿಸಿ ರೊಟ್ಟಿ ಇರಲಿ. 2019ರಲ್ಲಿ ಭೌಗೋಳಿಕ ಗುರುತು ಪಡೆದ ನಮ್ಮ ತೊಗರಿಯ 30 ಗ್ರಾಂ ಬ್ಯಾಳಿಯಿಂದ 100 ಕ್ಯಾಲೊರಿ ಮತ್ತು ಆರೇಳು ಗ್ರಾಂ ಪ್ರೋಟೀನ್ ಸಿಗುತ್ತದೆ. ಪುಂಡಿಪಲ್ಲೆ, ಮೆಂತ್ಯಪಲ್ಲೆ, ಹಸಿ ಸವತೆಕಾಯಿ ಎಷ್ಟಾದರೂ ಇರಲಿ. ಎಚ್ಚರ ಬೇಕಾದದ್ದು ಎಣ್ಣೆ ಮತ್ತು ಶೇಂಗಾದ ಮೇಲೆ. ಒಂದು ದೊಡ್ಡ ಚಮಚ ಶೇಂಗಾ ಹಿಂಡಿ 80 ಕ್ಯಾಲೊರಿ, ಅದರ ಮೇಲೆ ಹಾಕಿಕೊಳ್ಳುವ ಒಂದು ಸಣ್ಣ ಚಮಚ ಎಣ್ಣೆ 45. ಹಿಂಡಿ ಬಿಡಬೇಡಿ, ಒಂದು ಚಮಚಕ್ಕೆ ನಿಲ್ಲಿಸಿ. ಕಮಲಾಪುರದ ಕೆಂಪು ಬಾಳೆ ಕೊಡಬಹುದೇ ಎಂದು ಇಲ್ಲಿಗೆ ಬರುವ ಮುಂಚೆ ಒಬ್ಬರು ಕೇಳಿದರು. ಖಂಡಿತ ಕೊಡಿ, ದಿನಕ್ಕೆ ಒಂದು. 110 ಕ್ಯಾಲೊರಿ ಹಿಡಿಯಿರಿ. ಸಂಜೆಯ ಬಿಸ್ಕತ್ತಿನ ಜಾಗದಲ್ಲಿ ಅದು ಬಂದರೆ ಎಷ್ಟೋ ವಾಸಿ. ದುಬಾರಿ ಎನಿಸಿದರೆ ಯಾವ ಬಾಳೆಯಾದರೂ ನಡೆಯುತ್ತದೆ.

ಮೂರು ರೊಟ್ಟಿ, ಎರಡು ಹೊತ್ತು ಬ್ಯಾಳಿ, ನಾಲ್ಕು ಸಣ್ಣ ಚಮಚ ಎಣ್ಣೆಯಲ್ಲಿ ದಿನದ ಪಲ್ಲೆ, ಒಂದು ಬಟ್ಟಲು ಅನ್ನ, 300 ಮಿಲಿ ಹಾಲು ಅಥವಾ ಮೊಸರು, ಒಂದು ಚಮಚ ಹಿಂಡಿ, ಒಂದು ಬಾಳೆಹಣ್ಣು, ಸಕ್ಕರೆ ಕಡಿಮೆ ಹಾಕಿದ ಎರಡು ಕಪ್ ಚಾ. ಇಷ್ಟು ಕೂಡಿದರೆ 1770ರ ಸುತ್ತ ಬರುತ್ತದೆ. ಇದು ಹೊಟ್ಟೆ ಕಟ್ಟುವ ಊಟ ಅಲ್ಲವೇ ಅಲ್ಲ. ಕೆಲವರು ತೂಕ ಇಳಿಸಲೆಂದು ಒಂದು ಹೊತ್ತು ಊಟ ತಪ್ಪಿಸುತ್ತಾರೆ, ಅದು ಬೇಡ. ಇವರಿಗೆ ಕ್ಯಾಲೊರಿ ಕಡಿಮೆ ಸಾಕು, ಆದರೆ ಪ್ರೋಟೀನ್, ಕಬ್ಬಿಣ, ಕ್ಯಾಲ್ಸಿಯಂ ನಮ್ಮಷ್ಟೇ ಬೇಕು. ಊಟ ಒಮ್ಮೆಲೇ ಕಡಿದರೆ ಮೊದಲೇ ಕಡಿಮೆ ಇರುವ ಮಾಂಸಖಂಡ ಕರಗಿಹೋಗುತ್ತದೆ.

ಊಟ ಹೇಳಿದೆ. ನನ್ನ ಮುಖ್ಯ ಮಾತು ಉಳಿದಿದೆ. ಇದು ಶರಣಬಸವೇಶ್ವರರ ಊರು. ದಾಸೋಹದ ಹೆಸರು ಹೇಳಿದರೆ ನಾಡಿನಲ್ಲೆಲ್ಲ ಕಲಬುರಗಿಯ ಕಡೆ ಕೈ ತೋರಿಸುತ್ತಾರೆ. ಆದರೆ ಶರಣರು ದಾಸೋಹವನ್ನು ಒಂಟಿಯಾಗಿ ಇಡಲಿಲ್ಲ, ಅದರ ಜೊತೆ ಕಾಯಕವನ್ನೂ ಇಟ್ಟರು. ಡೌನ್ ಸಿಂಡ್ರೋಮ್ ಇರುವ ನಮ್ಮ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ ನಾವು ದಾಸೋಹವನ್ನು ಪ್ರೀತಿಯಿಂದ ಮಾಡುತ್ತಿದ್ದೇವೆ. ಕಾಯಕವನ್ನು ಕಸಿದುಕೊಂಡಿದ್ದೇವೆ. ಪಾಪ, ಅವನಿಗೆ ಯಾಕೆ ತ್ರಾಸ ಎನ್ನುತ್ತ ಕೊಡ ಅವನ ಕೈಯಿಂದ ತೆಗೆದುಕೊಂಡೆವು, ಕಸಬರಿಗೆ ತೆಗೆದುಕೊಂಡೆವು, ಅಂಗಡಿಗೆ ಕಳಿಸುವುದನ್ನು ಬಿಟ್ಟೆವು. ಆಮೇಲೆ ತೂಕ ಏರಿತು ಎಂದು ದವಾಖಾನೆಗೆ ಕರೆದುಕೊಂಡು ಬಂದೆವು. ವಿಶ್ರಾಂತ ದರವನ್ನು ಯಾವ ವೈದ್ಯರೂ ಬಹಳ ಬದಲಿಸಲಾರರು. ಆದರೆ 1.3ರ ದಿನವನ್ನು 1.5ರ ದಿನ ಮಾಡುವುದು ಮನೆಯವರ ಕೈಯಲ್ಲಿದೆ. ತಮ್ಮನ ಲೆಕ್ಕದ 1400ಕ್ಕೆ ಇದನ್ನು ಹಚ್ಚಿ ನೋಡಿ, 280 ಕ್ಯಾಲೊರಿ ವ್ಯತ್ಯಾಸ ಬರುತ್ತದೆ. ಹೆಚ್ಚುಕಡಿಮೆ ಒಂದೂವರೆ ರೊಟ್ಟಿಯಷ್ಟಾಯಿತು.

ಇಲ್ಲೇ ಕಲಬುರಗಿಯ ಕೋಟನೂರಿನ ಬಡಾವಣೆಯ ಒಂದು ಮನೆಯಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. 35 ದಾಟಿದ ಮಗನಿಗೆ ಆ ಮನೆಯವರು ನೀರಿನ ಕೆಲಸ ಒಪ್ಪಿಸಿದ್ದಾರೆ. ನಳ ಬಂದ ದಿನ ಅವನೇ ಡ್ರಮ್ಮು, ಕೊಡ, ಬಕೆಟ್ಟು ತುಂಬಿಸಬೇಕು. ಮೊದಲು ಅರ್ಧ ಕೊಡ ಹೊರುತ್ತಿದ್ದವನು ಈಗ ಮುಕ್ಕಾಲು ಕೊಡ ಹೊರುತ್ತಾನೆ. ಪ್ರತಿ ಕೊಡಕ್ಕೂ ಗೋಡೆಯ ಮೇಲೆ ಸುಣ್ಣದ ಕಡ್ಡಿಯಿಂದ ಒಂದು ಗೀಟು ಎಳೆಯುತ್ತಾನೆ. ನೀರು ಬಾರದ ದಿನ ಅಂಗಳದ ಗಿಡಗಳ ಕೆಲಸ, ತೊಗರಿ ಹಸನು ಮಾಡುವ ಕೆಲಸ. ನಾನು ಹೋದ ದಿನ ಕೊಡ ಹೊತ್ತು ಬಂದವನು ಏದುಸಿರು ಬಿಡುತ್ತ ಕಟ್ಟೆ ಮೇಲೆ ಕೂತ. ಅಕ್ಕ ನೀರು ಕೊಡಲು ಹೋದರೆ, "ತಡೀಬೇ, ಇನ್ನಾ ಎರಡ ಅದಾವ" ಎಂದ. ಮನೆಯವರು ಅವನನ್ನು ಅವಸರಪಡಿಸಲಿಲ್ಲ, ನಿಲ್ಲಿಸಲೂ ಇಲ್ಲ. ನಾನು ಔಷಧಿ ಚೀಟಿಯಲ್ಲಿ ಬರೆಯಬೇಕೆಂದಿದ್ದದ್ದು ಆ ಮನೆಯಲ್ಲಿ ಆಗಲೇ ನಡೆಯುತ್ತಿತ್ತು.

ಬಲ ಬೆಳೆಯುತ್ತದೆಯೇ ಎಂಬ ಅನುಮಾನ ಬೇಡ. ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ ನೋರಾ ಶೀಲ್ಡ್ಸ್ ಮತ್ತು ಸಂಗಡಿಗರು ಡೌನ್ ಸಿಂಡ್ರೋಮ್ ಇರುವ ಹದಿಹರೆಯದವರನ್ನು ಫಿಸಿಯೋಥೆರಪಿ ವಿದ್ಯಾರ್ಥಿಗಳ ಜೊತೆ ಜೋಡಿ ಮಾಡಿ, ವಾರಕ್ಕೆ ಎರಡು ಸಲದಂತೆ ಹತ್ತು ವಾರ ಭಾರ ಎತ್ತುವ ವ್ಯಾಯಾಮ ಮಾಡಿಸಿದರು. ಕಾಲಿನ ಬಲ ಹೆಚ್ಚಿತು. ಇದರಲ್ಲಿ ನನಗೆ ಬಹಳ ಹಿಡಿಸಿದ್ದು ಆ ಜೋಡಿಯ ಏರ್ಪಾಡು. ಕಲಬುರಗಿಯಲ್ಲೂ ಫಿಸಿಯೋಥೆರಪಿ ಓದುವ ಹುಡುಗ ಹುಡುಗಿಯರಿದ್ದಾರೆ. ವಾರಕ್ಕೆರಡು ಸಂಜೆ ಒಬ್ಬೊಬ್ಬರು ಒಬ್ಬೊಬ್ಬರ ಜೊತೆ ಪಬ್ಲಿಕ್ ಗಾರ್ಡನ್ನಿಗೆ ಬಂದರೆ ಅದಕ್ಕೆ ಯಾವ ಅನುದಾನ ಬೇಕು? ಕಾಲೇಜುಗಳ ಪ್ರಾಚಾರ್ಯರು ಈ ಸಭೆಯಲ್ಲಿದ್ದರೆ ಇದನ್ನು ನನ್ನ ಬೇಡಿಕೆ ಎಂದೇ ತಿಳಿಯಲಿ. ಮಾಂಸಖಂಡ ಬೆಳೆದರೆ ವಿಶ್ರಾಂತಿಯ ಖರ್ಚು ಬಹಳ ಏರುವುದಿಲ್ಲ, ಕಿಲೋಗೆ 13 ಎಂದು ಆಗಲೇ ಹೇಳಿದೆ. ಬಲ ಇದ್ದರೆ ಮೆಟ್ಟಿಲು ಹತ್ತುತ್ತಾರೆ, ಕೊಡ ಹೊರುತ್ತಾರೆ, ಬಸ್ಸು ಹತ್ತುತ್ತಾರೆ, ಲಾಭ ಅಲ್ಲಿದೆ.

ಎರಡು ಎಚ್ಚರಿಕೆ. ಇವರಲ್ಲಿ ಕೆಲವರಿಗೆ ಕುತ್ತಿಗೆಯ ಮೇಲಿನ ಎರಡು ಮೂಳೆಗಳ ಕೀಲು ಸಡಿಲವಿರುತ್ತದೆ. ಲಾಗ ಹಾಕುವುದು, ತಲೆಯ ಮೇಲೆ ಭಾರ ಹೊರುವುದು, ಶೀರ್ಷಾಸನ ಬೇಡ. ಕೊಡ ಸೊಂಟದ ಮೇಲೆ ಇರಲಿ. ನಡಿಗೆ ಇದ್ದಕ್ಕಿದ್ದಂತೆ ಬದಲಾದರೆ, ಕೈಕಾಲು ಸೋತರೆ, ಮೂತ್ರದ ಹಿಡಿತ ತಪ್ಪಿದರೆ, ಕುತ್ತಿಗೆ ನೋವು ಎಂದರೆ ಅದೇ ದಿನ ದವಾಖಾನೆಗೆ ಕರೆದೊಯ್ಯಿರಿ. ಇನ್ನೊಂದು ನಮ್ಮ ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ ಏಳರ ಒಳಗೆ ನಡಿಗೆ ಮುಗಿಯಬೇಕು. ಬಾಯಾರಿಕೆ ಎಂದು ಬಾಯಿಬಿಟ್ಟು ಹೇಳದವರಿಗೆ ನೀವೇ ಹೊತ್ತು ಹೊತ್ತಿಗೆ ನೀರು, ಮಜ್ಜಿಗೆ ಕೊಡಬೇಕು.

ಕೊನೆಯದಾಗಿ 40 ದಾಟಿದವರ ಬಗ್ಗೆ. ಇಲ್ಲಿಯವರೆಗೆ ತೂಕ ಏರುವುದರ ಮಾತಾಡಿದೆ. 40ರ ನಂತರ ಪ್ರಯತ್ನ ಇಲ್ಲದೆ ತೂಕ ಇಳಿಯತೊಡಗಿದರೆ ಅದನ್ನು ಒಳ್ಳೆಯ ಸುದ್ದಿ ಎಂದುಕೊಳ್ಳಬೇಡಿ. ಅಲ್ಝೈಮರ್ ಕಾಯಿಲೆಯಲ್ಲಿ ಮೆದುಳಿನಲ್ಲಿ ಶೇಖರವಾಗುವ ಪ್ರೋಟೀನಿನ ಮೂಲ ಜೀನ್ 21ನೆಯ ವರ್ಣತಂತುವಿನ ಮೇಲೇ ಇದೆ. ಮೂರು ಪ್ರತಿ ಇರುವ ಇವರಲ್ಲಿ ಆ ಕಾಯಿಲೆ ಬಹಳ ಬೇಗ, ಬಹಳ ಜನರಿಗೆ ಬರುತ್ತದೆ. ಮರೆವು ಕಾಣಿಸಿಕೊಳ್ಳುವ ಮೊದಲೇ ಕೆಲವರಲ್ಲಿ ತೂಕ ಇಳಿಯುತ್ತದೆ. ಹಾಗೆಂದು ಇಳಿದದ್ದಕ್ಕೆಲ್ಲ ಅದೇ ಕಾರಣ ಅಲ್ಲ. ಥೈರಾಯ್ಡ್ ಗುಳಿಗೆ ಹೆಚ್ಚಾಗಿರಬಹುದು, ಹಲ್ಲುನೋವು ಇರಬಹುದು, ನುಂಗಲು ಕಷ್ಟವಾಗಿರಬಹುದು, ಗೋಧಿಯ ಗ್ಲುಟೆನ್ ಒಗ್ಗದ ಸೀಲಿಯಾಕ್ ಕಾಯಿಲೆ ಇರಬಹುದು, ಮನೆಯಲ್ಲಿ ಒಬ್ಬರು ತೀರಿಕೊಂಡ ದುಃಖ ಇರಬಹುದು. ಇವೆಲ್ಲ ಚಿಕಿತ್ಸೆ ಅಥವಾ ಸಮಾಧಾನ ಇರುವ ಸಂಗತಿಗಳು. ಮೊದಲು ಇವನ್ನು ನೋಡಿ ಆಮೇಲೆ ಮೆದುಳಿನ ಕಡೆ ಹೋಗಬೇಕು. ಈ ಹಂತದಲ್ಲಿ ಹಳೆಯ ಕಟ್ಟುನಿಟ್ಟು ಬಿಟ್ಟು ತುಪ್ಪ, ಮೆತ್ತನ್ನ ಅನ್ನ, ಮೊಸರು, ಹೆಸರುಬ್ಯಾಳಿ ಧಾರಾಳವಾಗಿ ಕೊಡಬೇಕಾದೀತು.

ಇದೆಲ್ಲ ಗೊತ್ತಾಗಬೇಕಾದರೆ ಮೊದಲಿನ ತೂಕ ಎಷ್ಟಿತ್ತೆಂದು ಯಾರಿಗಾದರೂ ಗೊತ್ತಿರಬೇಕು. ಈಗ ಅದು ತಾಯಿಯ ತಲೆಯಲ್ಲಿ ಮಾತ್ರ ಇರುತ್ತದೆ. ತಾಯಿ ಹೋದ ಮೇಲೆ ಅತ್ತಿಗೆಯೋ ಅಕ್ಕನೋ ನೋಡಿಕೊಳ್ಳುವಾಗ, ಇವನು ಎಷ್ಟು ಉಣ್ಣುತ್ತಿದ್ದ, ಯಾವ ಗುಳಿಗೆ ನುಂಗುತ್ತಿದ್ದ ಎಂಬುದೇ ತಿಳಿಯದೆ ಪರದಾಡುವುದನ್ನು ನಾನು ಕಂಡಿದ್ದೇನೆ. ಆದ್ದರಿಂದ ಒಂದು ನೂರು ಪುಟದ ನೋಟ್‌ಬುಕ್ ತನ್ನಿ. ಮೊದಲ ಪುಟದಲ್ಲಿ ಎತ್ತರ, ಹೃದಯದ ಹಳೆಯ ವರದಿ, ಒಗ್ಗದ ಔಷಧಿ. ಪ್ರತಿ ತಿಂಗಳ ಒಂದನೆಯ ತಾರೀಖು ಅದೇ ಕಾಂಟಾದ ಮೇಲೆ ತೂಕ. ಟಿಎಸ್‌ಎಚ್ ಮಾಡಿಸಿದ ದಿನ ಮತ್ತು ಬಂದ ಅಂಕಿ. ರಾತ್ರಿ ಗೊರಕೆ ಹೇಗಿದೆ, ಯಾವ ಕೆಲಸ ಒಪ್ಪಿಸಿದ್ದೀರಿ. ತೂಕವನ್ನು ಅವನ ಕೈಯಿಂದಲೇ ಬರೆಸಿ, ಅಂಕಿ ಬರೆಯಲು ಬಾರದಿದ್ದರೆ ಕಾಂಟಾದ ಮುಳ್ಳು ನಿಂತ ಜಾಗವನ್ನು ಚಿತ್ರವಾಗಿ ಬರೆಯಲಿ. ದತ್ತಿಯ ಮನೆಯವರು ಇಂಥ ನೋಟ್‌ಬುಕ್ಕುಗಳನ್ನು ತರಿಸಿ ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟಿದ್ದಾರೆ, ಪಕ್ಕದಲ್ಲೇ ಕಾಂಟಾ ಮತ್ತು ಎತ್ತರದ ಪಟ್ಟಿ ಇದೆ. ಮನೆಯಲ್ಲಿ ಡೌನ್ ಸಿಂಡ್ರೋಮ್ ಇರುವವರನ್ನು ಕರೆದುಕೊಂಡು ಬಂದವರು ಮೊದಲ ತೂಕವನ್ನು ಇಲ್ಲೇ ಬರೆಸಿಕೊಂಡು ಹೋಗಬೇಕು. ನಾನು ಕೊನೆಯವರು ಹೋಗುವವರೆಗೆ ಇಲ್ಲೇ ಇರುತ್ತೇನೆ.